ಬೆಳ್ಳುಳ್ಳಿ ಕೈ, ಖಾಲಿ ಬಲೆ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ, ಅಂಚೆಲ್ಲ ಹಸಿರುಗಪ್ಪು. ಈ ವಯಸ್ಸಲ್ಲಿ ಎಂಥಾ ಸ್ಟೈಲಪ್ಪಾ ಅಂದುಕೊಂಡಿದ್ದೆ. ಹಸಿ ಹತ್ತಿಕಾಯಿ ಸೀಳಿ ಒಳಗೆ ಗುಲಾಬಿ ಹುಳ ಕೂತಿದೆಯಾ ಅಂತ ನೋಡಲು ಬೆಳೆಸಿದ ಉಗುರು ಅದು.

ಕಾಕಾ ಅಂದರೆ ಸಂಬಂಧ ಏನಿಲ್ಲ, ಗರಗ ಹಳ್ಳಿಯಲ್ಲಿ ನಮ್ಮ ಹೊಲದ ಬದುವಿನಾಚೆಯವರು. ನಾನು ಪಟ್ಟಣದ ಮಾಳಮಡ್ಡಿಯಿಂದ ದಿನಾ ಬಸ್ಸು ಹಿಡಿದು ಒಕ್ಕಲುತನ ಕಲಿಯಲು ಹೊರಟವಳು. ಗಂಡನದು ಒಂದೇ ಷರತ್ತು: ಈ ಸಲ ಹತ್ತಿ ಕೆಟ್ಟರೆ ಹೊಲ ಬೇರೆಯವರಿಗೆ ಲಾವಣಿಗೆ, ಅಂದರೆ ಗೇಣಿಗೆ ಕೊಡುವುದು, ನಾನು ಮನೆಯಲ್ಲಿ ಕೂರುವುದು.

ಹೂ ಬಿಡುವ ಹೊತ್ತಿಗೆ ಕಾಕಾ ನನ್ನ ಹೊಲದಲ್ಲೂ ಮೂರು ಬಲೆ ನಿಲ್ಲಿಸಿದರು. ಕೋಲಿಗೆ ಕಟ್ಟಿದ ಉದ್ದ ಚೀಲ, ಮೇಲೆ ಹೆಣ್ಣು ಪತಂಗದ ವಾಸನೆಯ ಪುಟ್ಟ ರಬ್ಬರ್ ಗುಳಿಗೆ. ಹುಡುಕಿಕೊಂಡು ಬಂದ ಗಂಡು ಪತಂಗ ಚೀಲಕ್ಕೆ ಬೀಳುತ್ತದೆ. ವಾರವಾರ ಎಣಿಸಿದರೆ ಹುಳದ ಕಾಟ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಗುಳಿಗೆ ಹಳತಾದಾಗ ನಾನೇ ಬದಲಿಸಿದೆ. ಮುಂದಿನ ಸೋಮವಾರ ಮೂರೂ ಚೀಲ ಖಾಲಿ!

“ಕಾಕಾ, ನನ್ನ ಹೊಲದಾಗ ಒಂದೂ ಹುಳ ಇಲ್ರೀ!” ಬದುವಿನಿಂದಲೇ ಕೂಗಿದೆ.

“ಹೌದಾ? ನನ್ನ ಬಲ್ಯಾಗ ಬೊಗಸಿ ತುಂಬ ಬಿದ್ದಾವು. ನಿನ್ನ ಹೊಲಕ್ಕ ಬರಾಕ ಅವಕ್ಕ ಆಧಾರ್ ಕಾರ್ಡ್ ಕೇಳ್ತೀಯೇನ?”

ಬಂದರು. ಬಲೆಯ ಕಡೆ ತಿರುಗಿಯೂ ನೋಡಲಿಲ್ಲ. ಹತ್ತು ಕಾಯಿ ಕಿತ್ತು ಉಗುರಿನಿಂದ ಸೀಳಿದರು. ನಾಲ್ಕರಲ್ಲಿ ಹುಳ. ಇನ್ನೊಂದು ಕಾಯಿ ಕೀಳಲು ನಾನೂ ಕೈ ಚಾಚಿದೆ. ಕಾಕಾ ನನ್ನ ಕೈ ಹಿಡಿದು ಮೂಸಿದರು.

“ಮುಂಜಾನೆ ಏನ್ ಮಾಡಿ ಬರ್ತೀ ಯವ್ವಾ?”

“ಡಬ್ಬಿಗೆ ಬೆಳ್ಳುಳ್ಳಿ ಖಾರ ಕುಟ್ಟಿ ಬರ್ತೇನ್ರೀ.”

“ಅದ ಕೈಲೆ ಗುಳಿಗಿ ಹಚ್ಚೀದಿ! ಅವು ಹೆಣ್ಣು ಹುಡುಕ್ಕೋತ ಬರ್ತಾವೋ, ರೊಟ್ಟಿ ಉಣ್ಣಾಕ ಬರ್ತಾವೋ?”

ನಕ್ಕು ಮುಗಿಸಿ ಮೆಲ್ಲಗೆ ಅಂದರು: “ಸೊನ್ನಿ ಬಂತಂದ್ರ ಮೊದಲ ನಿನ್ನ ಮ್ಯಾಲೆ ಸಂಶೆ ಪಡು, ಆಮ್ಯಾಲೆ ಖುಷಿ ಪಡು. ಅಳಬ್ಯಾಡ. ಇನ್ನೂ ಹೊತ್ತೈತಿ, ಲಗೂ ನಡಿ.”

ಮೂರು ದಿನ ಇಬ್ಬರೂ ಸೇರಿ ಹುಳ ಹೊಕ್ಕ ಹೂ, ಕಾಯಿ ಆರಿಸಿ ಸುಟ್ಟೆವು, ಔಷಧ ಹೊಡೆಸಿದೆವು. ಕೈ ತಿಕ್ಕಿ ತೊಳೆದು ಹೊಸ ಗುಳಿಗೆ ಹಚ್ಚಿದೆ. ಆಮೇಲೆ ಪತಂಗ ಕಡಿಮೆಯಾಗುತ್ತ ಬಂದಾಗಲೂ ಕಾಯಿ ಸೀಳಿ ನೋಡಿಯೇ ನಂಬಿದೆ. ಹತ್ತಿ ಬೆಳ್ಳಗೆ ಬಿರಿಯಿತು. ಲಾವಣಿಯ ಮಾತನ್ನು ಗಂಡ ಮತ್ತೆ ಎತ್ತಲಿಲ್ಲ.

ಕಾಕಾ ಹೋದ ವರ್ಷ ತೀರಿಕೊಂಡರು. ಬದುವಿನಾಚೆಯ ಬಲೆಗಳನ್ನೂ ಈಗ ನಾನೇ ಎಣಿಸುತ್ತೇನೆ. ಬೆಳ್ಳುಳ್ಳಿ ಖಾರ ಕುಟ್ಟುವ ಕೆಲಸ ಗಂಡನ ಪಾಲಿಗೆ ಹೋಗಿದೆ. ಕುಟ್ಟುತ್ತಲೇ ಗೊಣಗುತ್ತಾರೆ, “ನಿನ್ನ ಆ ಹೆಬ್ಬೆರಳಿನ ಉಗುರು ತಗೀಬಾರದೇನ, ನೋಡಿದವ್ರು ಏನಂತಾರ?”

“ಕಡೀ ಕಾಯಿ ಒಡೀಲಿ, ತಗೀತೇನಿ” ಅನ್ನುತ್ತೇನೆ.