ಅಕ್ಕನ ಬೆರಳು ಒಪ್ಪದ ಬೀಗ

ಕಳ್ಳತನವಾದದ್ದು ನಮ್ಮ ಮನೆಯಲ್ಲಲ್ಲ, ಎರಡು ಮನೆ ಆಚೆ. ರಾಮನಗರದ ನಮ್ಮ ಬೀದಿಯಲ್ಲಿ ಹಾಡಹಗಲೇ ಮುಂಬಾಗಿಲು ಮೀಟಿ ಒಳಹೊಕ್ಕವರು ಬೀರು ಒಡೆಯುವ ಕಷ್ಟವನ್ನೇ ತೆಗೆದುಕೊಂಡಿರಲಿಲ್ಲ. ಅದರ ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು. ಅಕ್ಕಿ ಡಬ್ಬ, ದೇವರ ಪಟದ ಹಿಂದೆ, ಹಾಸಿಗೆಯ ಕೆಳಗೆ. ನಮ್ಮ ಜನ ಬೀಗದ ಕೈ ಬಚ್ಚಿಡುವ ಜಾಗ ಈ ಮೂರೇ ಎಂದು ಕಳ್ಳರಿಗೂ ಗೊತ್ತು. ನಿಮ್ಮದೂ ಅಲ್ಲೇ ಇದ್ದರೆ ಇವತ್ತೇ ಜಾಗ ಬದಲಿಸಿ.

ನಮ್ಮ ಮನೆಯದು ಅಕ್ಕನ ಸೊಂಟದಲ್ಲಿರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಬೈರಾಪಟ್ಟಣದಿಂದ ಅಮ್ಮನನ್ನೂ ನನ್ನನ್ನೂ ಇಲ್ಲಿಗೆ ಕರೆತಂದವಳು ಅವಳು. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಇಪ್ಪತ್ತೆರಡು ವರ್ಷ ಬಿಸಿನೀರಿನ ತೊಟ್ಟಿಗೆ ಕೈಯಿಟ್ಟು, ಗೂಡಿನ ಎಳೆ ಹಿಡಿದು ಎತ್ತಿಕೊಡುತ್ತಿದ್ದಳು. ಆ ದುಡಿಮೆಯಲ್ಲಿ ನಾನು ಓದಿದೆ, ಆಮೇಲೆ ಹಳೆ ಕಬ್ಬಿಣದ ವ್ಯಾಪಾರಕ್ಕಿಳಿದು ಮನೆ ಕಟ್ಟಿದೆ. ಗಂಡ ಹೋದ ಮೇಲೆ ಮಕ್ಕಳಿಲ್ಲದ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಅವಳದೆಂದು ಇರುವುದು ಒಂದು ಗುಂಡಿನ ಸರ, ನಾಲ್ಕು ಬಳೆ, ಸ್ವಂತ ದುಡಿಮೆಯಲ್ಲಿ ಕೊಂಡ ಒಂದು ಸಣ್ಣ ಸೈಟಿನ ಪತ್ರ. ಎಲ್ಲವೂ ನಮ್ಮ ಒಡವೆ, ಕಾಗದಗಳ ಜೊತೆ ಒಂದೇ ಬೀರುವಿನಲ್ಲಿದ್ದವು. ನನಗೆ ಪಹಣಿ ಬೇಕಾದರೂ ಹೆಂಡತಿಗೆ ಓಲೆ ಬೇಕಾದರೂ ಅಕ್ಕನನ್ನು ಕೇಳಬೇಕು. ಕೇಳುವುದು ನಮಗೆ ಭಾರ ಅನ್ನಿಸಿರಲೇ ಇಲ್ಲ.

ಕಳ್ಳತನದ ಮಾರನೆಯ ದಿನದಿಂದ ನನಗೆ ಒಂದೇ ಯೋಚನೆ ಹತ್ತಿತು. ಮನೆಯಲ್ಲಿ ಅಕ್ಕ ಒಬ್ಬಳೇ ಇರುವಾಗ ಯಾರಾದರೂ ನುಗ್ಗಿದರೆ ಸೊಂಟದ ಬೀಗದ ಕೈಗಾಗಿ ಅವಳನ್ನು ಏನು ಮಾಡಲೂ ಹೇಸುವುದಿಲ್ಲ. ಬೀಗದ ಕೈಯೇ ಇಲ್ಲದ ತಿಜೋರಿ ತರಬೇಕು ಎಂದುಕೊಂಡು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿನ ತಿಜೋರಿ ಅಂಗಡಿಯ ಸಾಹೇಬರು ಒಂದೊಂದನ್ನೇ ತೆರೆದು ತೋರಿಸಿದರು. ಬೀಗದ ಕೈ ಹಾಕುವುದು, ಚಕ್ರ ತಿರುಗಿಸಿ ನಂಬರ್ ಕೂಡಿಸುವುದು, ಗುಂಡಿ ಒತ್ತಿ ನಂಬರ್ ಹೊಡೆಯುವುದು, ಬೆರಳಿಟ್ಟರೆ ತೆರೆಯುವುದು.

ಕೊಳ್ಳುವವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಚಕ್ರದ್ದು ಗಟ್ಟಿ, ಆದರೆ ಕಣ್ಣು ಮಂಜಾದವರಿಗೆ ಹಿಂಸೆ. ನಂಬರ್ ಗುಂಡಿಯದಕ್ಕೆ ಶೆಲ್ ಬೇಕು, ಮುಗಿಯುವ ಮುಂಚೆಯೇ ಬದಲಿಸಬೇಕು. ಹುಟ್ಟಿದ ವರ್ಷವನ್ನೋ ಗಾಡಿ ನಂಬರನ್ನೋ ಗುಟ್ಟಿನ ನಂಬರ್ ಮಾಡಬೇಡಿ. ಯಂತ್ರ ಕೈಕೊಟ್ಟಾಗ ತೆರೆಯಲೆಂದು ಒಂದು ತುರ್ತು ಬೀಗದ ಕೈ ಕೊಡುತ್ತಾರೆ, ಅದನ್ನು ತಿಜೋರಿಯ ಒಳಗೇ ಇಟ್ಟು ಬಾಗಿಲು ಹಾಕಿಕೊಂಡವರನ್ನು ನಾನೇ ಕಂಡಿದ್ದೇನೆ. ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸಿ, ಇಲ್ಲದಿದ್ದರೆ ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗುತ್ತಾನೆ.

ಇಷ್ಟೆಲ್ಲ ತಿಳಿದಿದ್ದ ನಾನು ಸಾಹೇಬರು ಕೇಳಿದ ಒಂದು ಪ್ರಶ್ನೆಗೆ ಮಾತ್ರ ಕಿವಿಗೊಡಲಿಲ್ಲ.

"ಮನೇಲಿ ಜಾಸ್ತಿ ಯಾರು ತೆಗೀತಾರೆ ಅಣ್ಣ?"

"ನಮ್ಮಕ್ಕ."

"ಹಂಗಾದ್ರೆ ಅವರನ್ನೇ ಒಂದ್ಸಲ ಕರ್ಕೊಂಬನ್ನಿ. ಕೈಯಿಟ್ಟು ನೋಡ್ಲಿ."

ನಾನು ನಕ್ಕುಬಿಟ್ಟೆ. ಹೆಂಗಸರನ್ನು ಅಂಗಡಿಗೆ ಕರೆದೊಯ್ದರೆ ಅವರ ಕಣ್ಣು ಯಾವುದರ ಮೇಲೆ ನಿಂತಿತು ಎಂದು ಮಾರುವವನಿಗೆ ಗೊತ್ತಾಗಿ, ಬೆಲೆ ಅಲ್ಲಿಗೇ ಗೂಟ ಹೊಡೆದುಕೊಳ್ಳುತ್ತದೆ. ಮೂವತ್ತು ವರ್ಷ ಚೌಕಾಸಿ ಮಾಡಿದವನಿಗೆ ಈ ಆಟ ಹೊಸದೇ?

"ಅವೆಲ್ಲ ಬ್ಯಾಡಿ ಸಾಬ್ರೆ. ಬೆರಳಿಂದೇ ಕೊಡಿ. ನಂಬರ್ ಗುಂಡಿ ಇಲ್ದಿರೋದು ಒಂದ್ ಪೀಸ್ ಉಳ್ಕಂಡೈತಲ್ಲ, ಅದ್ನೇ ಒಸಿ ಇಳ್ಸಿ ಕೊಡಿ."

"ಇಳಿಸ್ತೀನಿ. ಆದ್ರೆ ವಾಪಸ್ ತಗೊಳಲ್ಲ. ಆಮೇಲೆ ಬಂದು ಜಗಳ ಆಡ್ಬಾರ್ದು."

"ನಾನ್ಯಾವತ್ತು ತಗಂಡಿದ್ನ ವಾಪಸ್ ತಂದಿದ್ದೀನಿ?"

ಗೆದ್ದೆನೆಂದುಕೊಂಡು ಬಂದೆ. ಬಿಗಿಯಲು ಬಂದ ಮಿಸ್ತ್ರಿ ಗೋಡೆ ಕೊರೆದು ಕೂರಿಸಿ, ಒಬ್ಬೊಬ್ಬರ ಬೆರಳು ದಾಖಲಿಸಿಕೊಂಡ. ನನ್ನದು ಹಸಿರು. ಹೆಂಡತಿಯದು ಹಸಿರು. ಅಕ್ಕ ಬೆರಳಿಟ್ಟಳು, ಕೆಂಪು ದೀಪ ಹತ್ತಿ ಯಂತ್ರ ಕಿರುಚಿತು. ಇನ್ನೊಂದು ಬೆರಳು, ಮತ್ತೆ ಕೆಂಪು. ಸೋಪಿನಲ್ಲಿ ತೊಳೆದು ಬಂದಳು. ಎಣ್ಣೆ ಸವರಿ ಒರೆಸಿಕೊಂಡು ಬಂದಳು. ಹತ್ತು ಬೆರಳೂ ಆದವು. ಮಿಸ್ತ್ರಿ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದ.

"ಅಮ್ಮ, ನಿಮ್ ಬೆರಳಲ್ಲಿ ಗೆರೇನೇ ಇಲ್ವಲ್ಲ. ನೂಲು ತಗೀತಿದ್ರಾ?"

"ಹೂಂ ಕಣಪ್ಪ. ಬೆಂದೋಗವೆ. ಸೊಸೈಟೀಲೂ ಇದೇ ಗೋಳು, ಅಕ್ಕಿ ತರಕ್ಕೋದಾಗ ಹೆಬ್ಬೆಟ್ಟು ಹಿಡಿಯಕ್ಕಿಲ್ಲ, ಪೋನಿಗೆ ನಂಬರ್ ಕಳುಸ್ತಾರೆ." ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. "ಬುಡ್ಲಾ, ನಾನೇ ಕಳ್ಳಿ ಅಂತ ನಿನ್ನ ಪೆಟ್ಟಿಗೆ ಕಂಡುಕಂಡ್ಬುಡ್ತು."

ಎಲ್ಲರೂ ನಕ್ಕೆವು. ಅಕ್ಕನ ಕೈಗಳನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಆ ಕೈಯ ಅನ್ನ ತಿಂದಿದ್ದೆ. ಅದರ ಬೆರಳ ತುದಿಯಲ್ಲಿ ಏನಿದೆ, ಏನಿಲ್ಲ ಎಂದು ನೋಡಿರಲಿಲ್ಲ.

"ಅದ್ಕೇನಕ್ಕ, ನಾವಿಲ್ವಾ? ಕೇಳು, ತಗುದ್ಕೊಡ್ತೀವಿ" ಎಂದೆ. ತುರ್ತು ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಹಳೆ ಬೀರು ಮಾರಿದೆ. ಅಕ್ಕನ ಸೊಂಟ ಬರಿದಾಯಿತು.

ಮೊದಮೊದಲು ಅವಳು ಕೇಳುತ್ತಿದ್ದಳು. ಮದುವೆ ಮನೆಗೆ ಬಳೆ, ಹಬ್ಬಕ್ಕೆ ಸರ. ನಾನು ಫೋನಿನಲ್ಲಿರುತ್ತಿದ್ದೆ, ಒಂದು ಕೈ ಬೀಸಿ 'ತಾಳು' ಎನ್ನುತ್ತಿದ್ದೆ. ಒಮ್ಮೆ ಅವಳೇ ಅಂದಳು, "ಆ ಇನ್ನೊಂದು ಬೀಗದ ಕೈ ಐತಲ್ಲ, ಅದ್ನ ನನ್ ತಾವ ಬುಡು." ನಾನು, "ಕಳ್ದೋದ್ರೆ ಆ ಕಂಪನಿಯವ್ನು ಇನ್ನೊಂದು ಮಾಡ್ಕೊಡಕ್ಕಿಲ್ಲ ಕಣಕ್ಕ" ಎಂದು ತೇಲಿಸಿದೆ. ಇಪ್ಪತ್ತು ವರ್ಷ ಮನೆಯ ಬೀಗದ ಕೈಯನ್ನು ಒಮ್ಮೆಯೂ ಕಳೆಯದವಳಿಗೆ ಹೇಳಿದ ಮಾತು ಅದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಬರೆದೇ ತೀರಬೇಕು. ಆ ದಿನಗಳಲ್ಲಿ ಅಕ್ಕನ ಗಂಡನ ಅಣ್ಣನ ಮಗ ಸೈಟಿನ ಆಸೆಗೆ ಆಗಾಗ ಬಂದುಹೋಗುತ್ತಿದ್ದ. ಅಕ್ಕ ಮಾತಿಗೆ ಕರಗಿ ಬರೆದುಕೊಟ್ಟುಬಿಟ್ಟಾಳೆಂಬ ಭಯ ನನಗೆ. ಪತ್ರ ನನ್ನ ಬೆರಳಿನ ಹಿಂದೆ ಭದ್ರವಾಗಿದೆ ಎಂದು ನೆನೆದರೆ ಒಳಗೊಳಗೇ ನೆಮ್ಮದಿಯಾಗುತ್ತಿತ್ತು. ಅದು ಅವಳ ಒಳಿತಿಗೇ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಶುಕ್ರವಾರ ಅವಳು ಬೀದಿಯ ಹೆಂಗಸರ ಜೊತೆ ಕಬ್ಬಾಳಿಗೆ ಹೊರಟಳು. ಹರಕೆ ತೀರಿಸಲು ಹೋಗುವಾಗ ಅವಳು ಗುಂಡಿನ ಸರ ಹಾಕದೆ ಹೋದವಳಲ್ಲ. ಹೆಂಡತಿ ಮಾಗಡಿಯ ತವರಿಗೆ ಹೋಗಿದ್ದಳು. ನಾನು ಉಯ್ಯಂಬಳ್ಳಿಯ ಕಡೆ, ಯಾರೋ ಕಳಚಿ ಹಾಕಿದ್ದ ರೇಷ್ಮೆ ಹುಳು ಸಾಕುವ ಮನೆಯ ಕಬ್ಬಿಣದ ಸ್ಟ್ಯಾಂಡುಗಳನ್ನು ನೋಡಲು ಹೋಗಿದ್ದೆ. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಕನಕಪುರಕ್ಕೆ ಬಂದಾಗ ಅಕ್ಕನದೇ ಒಂಬತ್ತು ಕರೆ ಕಂಡವು. ಮನೆಗೆ ಬಂದು, "ಯಾಕಕ್ಕ, ಅಷ್ಟೊಂದ್ ಸಲ ಮಾಡಿದ್ದೆ?" ಎಂದೆ.

"ಏನಿಲ್ಲ ಕಣ್ಲಾ. ವೋಗ್ಬಂದೆ. ಪ್ರಸಾದ ತಗೊ."

ಅವಳ ಕುತ್ತಿಗೆ ಬರಿದಾಗಿತ್ತು. ಅದಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಎರಡು ಮದುವೆಗೆ ಬರಿಗೈಯಲ್ಲಿ ಹೋದಳು. ಮೂರನೆಯದಕ್ಕೆ ಹೋಗಲೇ ಇಲ್ಲ, ಮಂಡಿ ನೋವು ಎಂದಳು. ನಾನು ನಂಬಿದೆ, ಅಥವಾ ನಂಬುವುದೇ ಅಗ್ಗ ಎನಿಸಿತು.

ತಿಜೋರಿ ತಂದು ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ನಾನು ತಿಂಡಿ ತಿನ್ನುತ್ತಿದ್ದಾಗ ಎದುರು ಬಂದು ನಿಂತಳು. ಕೂರಲಿಲ್ಲ.

"ನಿಂಗೆ ಯಾವತ್ತಾರ ಬಿಡುವಾದಾಗ ನಂದು ಅಂತ ಇರೋದ್ನೆಲ್ಲ ಒಸಿ ತಗುದ್ಕೊಡು. ಅರ್ಜೆಂಟೇನಿಲ್ಲ."

ಸರಕಾರಿ ಆಫೀಸಿನ ಕಿಟಕಿಯ ಮುಂದೆ ನಿಂತು ಮಾತಾಡುವ ದನಿ ಅದು. ಎಂದಿನಂತೆ ನನ್ನನ್ನು 'ಲಾ' ಎಂದಿರಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದೆ.

"ಎಲ್ಲಿಡ್ತೀಯಕ್ಕ?"

"ಎಲ್ಲಾರ ಇಟ್ಕತೀನಿ. ನನ್ ಕೈಗೆ ಸಿಗಂಗೆ."

ಅವತ್ತೇ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಚನ್ನಪಟ್ಟಣಕ್ಕೆ ಹೋದೆ. ಸಾಹೇಬರು ಅವಳ ಕೈ ನೋಡಿದರು, ನನ್ನ ಮುಖ ನೋಡಿದರು, ಒಂದು ಮಾತೂ ಹಂಗಿಸಲಿಲ್ಲ. ಹಂಗಿಸಿದ್ದರೆ ಹಗುರವಾಗುತ್ತಿತ್ತು. ಜೋಡಿ ಬೀಗದ ಪೆಟ್ಟಿಗೆಯೊಂದನ್ನು ತೋರಿಸಿದರು. ಎರಡು ಬೇರೆ ಬೇರೆ ಬೀಗದ ಕೈ, ಎರಡೂ ಕೂಡಿದರೆ ಮಾತ್ರ ತೆರೆಯುವಂಥದ್ದು.

"ಇದು ಭದ್ರ ಅಕ್ಕ. ಒಂದು ನಿಮ್ಮತ್ರ, ಒಂದು ತಮ್ಮನತ್ರ."

"ಬ್ಯಾಡ ಸಾಬ್ರೆ. ಆಗ ಮತ್ತೆ ಇವನ್ನೇ ಕಾಯ್ಬೇಕು."

ಅವಳು ಒಂದೇ ಬೀಗದ ಸಣ್ಣ ಪೆಟ್ಟಿಗೆ ಆರಿಸಿದಳು. ಬೀಗದ ಕೈ ಹಾಕಿ ಹತ್ತಾರು ಸಲ ತಿರುಗಿಸಿ, ಕಣ್ಣು ಮುಚ್ಚಿಯೂ ಒಮ್ಮೆ ತೆರೆದು ನೋಡಿದಳು. ಬೆಲೆ ಮಾತಾಡಿದವಳೂ ಅವಳೇ. ಚೌಕಾಸಿಯಲ್ಲಿ ನನಗಿಂತ ಒಂದು ಕೈ ಮೇಲು ಎಂದು ಅವತ್ತು ತಿಳಿಯಿತು. ಜೊತೆಗೆ ಬಂದ ಎರಡು ಬೀಗದ ಕೈಗಳನ್ನೂ ತಾನೇ ಇಟ್ಟುಕೊಂಡಳು. ನಾನು ಕೇಳಲಿಲ್ಲ.

ಹಿಂದಿರುಗುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ ಎಳನೀರು ಕುಡಿದೆವು. ತಡೆಯಲಾರದೆ ಕೇಳಿಬಿಟ್ಟೆ.

"ಅಕ್ಕ, ನಾನು ಬೇಕೂಂತ ಹಂಗ್ ಮಾಡ್ದೆ ಅನ್ಕಂಡಿದ್ಯಾ?"

ಅವಳು ಬುರುಡೆ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತರೋವಾಗ ಬೇಕೂಂತ ತರ್ಲಿಲ್ಲ ಕಣ್ಲಾ. ನಂಗೊತ್ತು. ತಂದ್ಮೇಲೆ ಆರ್ ತಿಂಗ್ಳು ಹಂಗೇ ಬುಟ್ಟಲ್ಲ, ಅದ್ನ ಏನನ್ನಾನ?"

ಎಳನೀರಿನವನಿಗೆ ದುಡ್ಡು ಕೊಟ್ಟು ಗಾಡಿ ಹತ್ತಿದೆ. ಈಗ ತಿಜೋರಿ ಕೊಳ್ಳುವ ಮುಂಚೆ ನನ್ನನ್ನು ಕೇಳುವವರಿಗೆ, ತೆರೆಯಬೇಕಾದವರ ಕೈಯನ್ನು ಮೊದಲು ನೋಡಿ ಎನ್ನುತ್ತೇನೆ. ಬುದ್ಧಿವಂತನ ಮಾತು ಎಂದು ತಲೆದೂಗುತ್ತಾರೆ. ಮಿಕ್ಕಿದ್ದನ್ನು ನಾನು ಅವರಿಗೆ ಹೇಳುವುದಿಲ್ಲ.

ಮಿಸ್ತ್ರಿ ಬಂದು ಸಣ್ಣ ಪೆಟ್ಟಿಗೆಯನ್ನು ಅಕ್ಕನ ಕೋಣೆಯಲ್ಲಿ, ಮಂಚದ ಮೇಲೆ ಕೂತರೆ ಕೈಗೆಟಕುವಷ್ಟು ಎತ್ತರದಲ್ಲಿ ಬಿಗಿದು ಹೋದ. ನಾನು ದೊಡ್ಡ ತಿಜೋರಿಗೆ ಬೆರಳಿಟ್ಟು ಅವಳ ಸರ, ಬಳೆ, ಸೈಟಿನ ಪತ್ರ ತೆಗೆದು ಅವಳ ಮಡಿಲಿಗೆ ಹಾಕಿದೆ. ಪತ್ರದ ಪುಟಗಳನ್ನು ಅವಳು ಒಂದೊಂದಾಗಿ ಬಿಡಿಸಿ ನೋಡಿದಳು. ಎಲ್ಲ ಇದೆಯೇ ಎಂದು ನೋಡುತ್ತಿದ್ದಾಳೆಂದು ನನಗೆ ಅರ್ಥವಾಯಿತು. ಹಿಂದೆಂದೂ ನಾನು ಕೊಟ್ಟದ್ದನ್ನು ಅವಳು ಬಿಡಿಸಿ ನೋಡಿದವಳಲ್ಲ.

"ಒಸಿ ಆಚೆ ಇರಪ್ಪ" ಎಂದಳು. "ಇಟ್ಕತೀನಿ."

ನಾನು ಬಾಗಿಲು ಎಳೆದುಕೊಂಡು ಆಚೆ ಬಂದೆ.