ಕಪ್ಪೆಗಳ ಲೆಕ್ಕವಿಟ್ಟ ಮಾಸ್ತರರು

ಸಾಂಖಳಿ ಪೇಟೆಯ ನಮ್ಮ ಅಂಗಡಿಯ ಪಕ್ಕದಲ್ಲಿ ಧಾರವಾಡದ ಕಡೆಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರಿದ್ದರು. ಬೆಳಿಗ್ಗೆ ಎಂಟಕ್ಕೆ ದುರ್ಬೀನಿನಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಅದರ ಕಲೆಗಳನ್ನು ಗುರುತಿಸುವರು. ಮಳೆಗಾಲದ ಸಂಜೆ ಗದ್ದೆಯ ಬದುವಿನಲ್ಲಿ ಕಪ್ಪೆಗಳ ಕೂಗು ಎಣಿಸುವರು; ಎರಡನ್ನೂ ವಹಿಯಲ್ಲಿ ಬರೆದಿಡುವರು. ಏನು ಕೇಳಿದರೂ, “ಒಂದ ವರ್ಷ ನೋಡಿ ಹೇಳಬಾರದ್ರಿ” ಎನ್ನುವರು.

ಒಂದು ಜೂನ್‌ನಲ್ಲಿ ಕಪ್ಪೆಗಳು ಕೂಗಲೇ ಇಲ್ಲ. ಹಿಂದಿನ ಬಾಡಿಗೆ ಖೋಲಿಗಳಲ್ಲಿದ್ದ ವಿಜಯಪುರದ ಕೂಲಿಯವರೇ ಅವನ್ನು ಹಿಡಿದು ತಿಂದಿದ್ದಾರೆಂದು ಅವರನ್ನು ಬಿಡಿಸಲು ಖೋಲಿಗಳ ಮಾಲೀಕ ಬಂದ. ನಾನೂ ಹೌದೆಂದೆ. ಮಾಸ್ತರರು ವಹಿ ತೆರೆದು ತೋರಿಸಿದರು: ಮೊದಲ ಮಳೆಯ ನಂತರ ಬಿಸಿಲು ಕಾದ ವರ್ಷಗಳಲ್ಲೆಲ್ಲ ಕಪ್ಪೆಗಳು ತಡವಾಗಿಯೇ ಕೂಗಿದ್ದವು.

“ಹಂಗಾರ ಸೂರ್ಯಾನ ಕಪ್ಪಿ ತಿಂದಾನೇನ್ರಿ, ಮಾಸ್ತರ?” ಎಂದೆ.

“ಅವನ ಮ್ಯಾಲಿನ ಗುಮಾನಿನೂ ಇನ್ನೂ ಖರೇ ಆಗಿಲ್ರಿ, ಸಾವಕಾರ್ರ. ಅವನ ಮೈಮ್ಯಾಲಿನ ಕಲಿ ಹನ್ನೊಂದ ವರ್ಷಕ್ಕೊಮ್ಮೆ ಏರಿ ಇಳಿತಾವ. ಅಂಥಾವು ಎರಡ ಸುತ್ತ ನೋಡೇನಿ, ಸಾಲೂದಿಲ್ಲ. ಈ ಮಂದಿನ ಹೊರಗ ಹಾಕಾಕ ನಿಮಗ ಒಂದ ತಿಂಗಳ ಸಾಕಾತೇನು?”

ಮಾಲೀಕ ಖೋಲಿ ಬಿಡಲು ಶನಿವಾರದವರೆಗೆ ಗಡುವು ಕೊಟ್ಟ. ಶುಕ್ರವಾರ ಮಳೆ ಹಿಡಿಯಿತು. ಸಂಜೆಗೆ ಗದ್ದೆ ತುಂಬ ಕಪ್ಪೆಗಳ ಕೂಗು. ಕೂಲಿಯವರು ಕಟ್ಟಿಟ್ಟ ಗಂಟು ಬಿಚ್ಚಿ ಒಲೆ ಹಚ್ಚಿದರು. ಮೊದಲ ಚಹಾ ನನ್ನ ಕೈಗೇ ಬಂತು. ನಾನದನ್ನು ಮಾಸ್ತರರಿಗೆ ದಾಟಿಸಿದೆ.