ದಶಮಿಯ ಉಪವಾಸ

ಉಪವಾಸದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡೇ ಐವತ್ತೆಂಟು ವರ್ಷ ಬದುಕಿದವಳು ನಾನು. ಶೃಂಗೇರಿಯಲ್ಲಿ ಯಾತ್ರಿಕರಿಗಾಗಿ ಆರು ಕೋಣೆಗಳ ಸಣ್ಣ ಲಾಡ್ಜ್ ನಡೆಸುತ್ತೇನೆ. ಏಕಾದಶಿಯವರು, ಶನಿವಾರದ ಒಪ್ಪತ್ತಿನವರು, ಉಪ್ಪು ಬಿಟ್ಟವರು, ಬರೀ ಹಾಲಿನವರು, ಎಲ್ಲರೂ ನನ್ನ ಅಡುಗೆಮನೆಯ ಬಾಗಿಲಿಗೆ ಬರಲೇಬೇಕು. ಯಾರಿಗೆ ಅವಲಕ್ಕಿ, ಯಾರಿಗೆ ಸಬ್ಬಕ್ಕಿ, ಯಾರಿಗೆ ಹಣ್ಣು ಮಾತ್ರ ಎಂದು ಮುಖ ನೋಡಿಯೇ ಹೇಳಬಲ್ಲೆ. ನಿಜ ಹೇಳಬೇಕೆಂದರೆ ನಮ್ಮ ಕಡೆ ಉಪವಾಸದ ದಿನ ಹೊಟ್ಟೆಗೆ ಬೀಳುವಷ್ಟು ಬೇರೆ ದಿನ ಬೀಳುವುದಿಲ್ಲ.

ಆ ವರ್ಷ ಗಣಪತಿ ಹಬ್ಬದ ಮಾರನೆಯ ದಿನ ಒಬ್ಬ ಹೆಂಗಸು ಬಂದು ನನ್ನಲ್ಲಿ ಇಳಿದರು. ಎಪ್ಪತ್ತರ ಹತ್ತಿರದ ವಯಸ್ಸು, ಬೆಳಗಾವಿಯಲ್ಲಿ ನರ್ಸ್ ಆಗಿ ನಿವೃತ್ತಿಯಾದವರು. ತುಂಗೆಯ ಮೀನು ನೋಡಲು ಹೋಗಿ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡರು. ಒಂದು ವಾರ ಅಲುಗಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮೂರನೇ ನಂಬರಿನ ಕೋಣೆಯಲ್ಲೇ ಉಳಿದರು. ತಾವು ಯಹೂದಿಗಳು, ತಮ್ಮ ಹಿರಿಯರು ಎಂದೋ ಹಡಗಿನಲ್ಲಿ ಕೊಂಕಣದ ತೀರಕ್ಕೆ ಬಂದವರು ಎಂದು ಹೇಳಿದ್ದರು. ಯಹೂದಿಗಳೆಂದರೆ ನನಗೆ ಟಿವಿಯ ಸುದ್ದಿಯಲ್ಲಿ ಕೇಳಿ ಗೊತ್ತು ಅಷ್ಟೆ. ನನ್ನ ಪಡಸಾಲೆಯಲ್ಲಿ ಕೂತು ಬೆಳಗಾವಿ ಕನ್ನಡದಲ್ಲಿ ನನ್ನ ಸಾರಿಗೆ ಖಾರ ಸಾಲದು ಎನ್ನುವವರು ಎಂದು ಗೊತ್ತಿರಲಿಲ್ಲ.

ನಾಲ್ಕೈದು ದಿನ ಕಳೆದು ಒಂದು ಮಧ್ಯಾಹ್ನ ಅವರು, "ಇವತ್ತ ಹೊತ್ತು ಮುಳುಗೂದ್ರಾಗ ಊಟ ಮಾಡಿಬಿಡ್ತೀನ್ರಿ. ಆಮ್ಯಾಲ ನಾಳಿ ರಾತ್ರಿತನಾ ಉಪವಾಸ" ಎಂದರು.

ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಅವರನ್ನು ತಿದ್ದಿದೆ. "ನಾಳೆ ದಶಮಿ ಮಾರಾಯ್ರೆ. ದಶಮಿಗೆ ಎಂತ ಉಪವಾಸ? ಏಕಾದಶಿ ನಾಡಿದ್ದು."

ಅವರು ನಕ್ಕು, ತಮ್ಮ ಲೆಕ್ಕದಲ್ಲಿಯೂ ಅದು ಚಂದ್ರನ ಹತ್ತನೆಯ ದಿನವೇ, ತಮಗೆ ಅದೇ ವರ್ಷದ ದೊಡ್ಡ ದಿನ ಎಂದರು. ಮಾಡಿದ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳುವ ದಿನ. ಸರಿ, ಆಗಲಿ ಎಂದು ನಾನು ಅವಲಕ್ಕಿ, ಬಾಳೆಹಣ್ಣು, ಕಾಫಿಯ ಪಟ್ಟಿ ಹೇಳತೊಡಗಿದೆ. ಅವರು ಕೈ ಅಡ್ಡ ಹಿಡಿದರು. "ನೀರೂ ಇಲ್ರಿ."

ನೀರೂ ಇಲ್ಲ! ನನ್ನ ಅನುಭವವೆಲ್ಲ ಒಂದೇ ಮಾತಿಗೆ ಮಕಾಡೆ ಬಿತ್ತು. ಕಾಲು ಉಳುಕಿದ ಎಪ್ಪತ್ತರ ಹೆಂಗಸು ನೀರಿಲ್ಲದೆ ಇರುತ್ತಾರೆಂದರೆ ನಾನೇನು ಕಡಿಮೆ? "ಹಾಗಾದ್ರೆ ನಾನೂ ನಿಮ್ಮ ಜೊತೆ ಮಾಡ್ತೀನಿ" ಎಂದುಬಿಟ್ಟೆ. ಭಕ್ತಿಯಿಂದಲ್ಲ, ಹಟದಿಂದ.

ಸಂಜೆ ಬಾಯಾರಿಕೆ ಆಗದ ಹಾಗೆ ಉಪ್ಪು ಕಡಿಮೆ ಹಾಕಿ ಅನ್ನ ಸಾರು ಬಡಿಸಿದೆ. ಉಂಡಾದ ಮೇಲೆ ಅವರು ಬಿಳಿ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದರು. ಕೋಣೆ ಗುಡಿಸುವ ಹೆಂಗಸಿನ ಎದುರು ನಿಂತು, ಮೊನ್ನೆ ಬಕೆಟಿನ ವಿಷಯಕ್ಕೆ ಗದರಿದ್ದಕ್ಕೆ ಕ್ಷಮೆ ಕೇಳಿದರು. ಅವಳಿಗೆ ಗದರಿಸಿಕೊಂಡದ್ದೇ ನೆನಪಿರಲಿಲ್ಲ, ನಾಚಿಕೆಯಿಂದ ಕಸಬರಿಕೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೇನರ ನೋವಾಗೂ ಹಂಗ ಮಾತಾಡಿದ್ರ ಕ್ಷಮಿಸ್ರಿ" ಎಂದರು.

"ಇಷ್ಟಕ್ಕೆಲ್ಲ ಎಂತಕ್ಕೆ? ದೇವರ ಹತ್ರ ಕೇಳಿದ್ರೆ ಆಗುದಿಲ್ವಾ?" ಎಂದೆ.

"ದೇವ್ರಿಗೆ ಮಾಡಿದ್ದಕ್ಕ ದೇವ್ರು ಕ್ಷಮಿಸ್ತಾನ್ರಿ. ಮನಷ್ಯಾರಿಗೆ ಮಾಡಿದ್ದಕ್ಕ ಅವನ ಕಡೆ ಕೇಳಿ ಉಪಯೋಗಿಲ್ಲ. ಆ ಮನಷ್ಯಾರ ಮನಿಗೇ ಹೋಗಬೇಕು."

ಇಷ್ಟು ಹೇಳಿ ಅವರು ಫೋನನ್ನು ಕೋಣೆಯ ಕಿಟಕಿಯ ಮೇಲಿಟ್ಟರು. ನಾಳೆ ನಕ್ಷತ್ರ ಮೂಡುವವರೆಗೆ ಅದನ್ನೂ ಮುಟ್ಟುವುದಿಲ್ಲ, ಏನಾದರೂ ಬೇಕಿದ್ದರೆ ಬಾಗಿಲು ತಟ್ಟಿ ಎಂದರು.

ಆ ಮನುಷ್ಯರ ಮನೆಗೇ ಹೋಗಬೇಕು ಎಂಬ ಮಾತು ನನಗೆ ತಾಗಬೇಕಾದ ಜಾಗಕ್ಕೇ ತಾಗಿತು. ಎಂಟು ವರ್ಷಗಳಿಂದ ನಾನು ಒಂದು ತಪ್ಪಿಗೆ ದೇವರ ಹುಂಡಿಗೆ ತಪ್ಪುಕಾಣಿಕೆ ಹಾಕುತ್ತ ಬಂದಿದ್ದೆ. ತಪ್ಪು ಮಾಡಿದ್ದು ಅಕ್ಕನಿಗೆ.

ಅಕ್ಕನ ಮನೆ ಹಿರೇಕೊಡಿಗೆಯಲ್ಲಿ. ಅಮ್ಮ ಹಾಸಿಗೆ ಹಿಡಿದ ಮೂರು ವರ್ಷವೂ ಅವಳನ್ನು ನೋಡಿಕೊಂಡವಳು ಅಕ್ಕ. ಒಂದು ಬೆಳಿಗ್ಗೆ ಅಮ್ಮನಿಗೆ ಉಸಿರು ಹೆಚ್ಚಾದಾಗ ನನಗೆ ಫೋನ್ ಮಾಡಲೆಂದು ಅಕ್ಕ ಮನೆಯ ಹಿಂದಿನ ಗುಡ್ಡ ಹತ್ತಿದಳು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಕೆಳಗೆ ಇಳಿದು ಬರುವಷ್ಟರಲ್ಲಿ ಅಮ್ಮ ಹೋಗಿದ್ದಳು. ಮನೆಯ ಉಳಿದವರೆಲ್ಲ ತೋಟದಲ್ಲಿದ್ದರು, ಕೊನೆಗೆ ಬಾಯಿಗೆ ಒಂದು ಚಮಚ ನೀರು ಬಿಡಲು ಯಾರೂ ಪಕ್ಕದಲ್ಲಿರಲಿಲ್ಲ. ಹನ್ನೆರಡನೆಯ ದಿನ, ಬಂಧುಬಳಗವೆಲ್ಲ ಊಟಕ್ಕೆ ಸೇರಿದ್ದಾಗ, ನಾನು ಗಂಟಲೆತ್ತಿ ಹೇಳಿದೆ: "ಮನೆ ತುಂಬ ಜನ ಇದ್ದೂ ನನ್ನ ಅಮ್ಮ ನೀರಿಲ್ಲದೆ ಸತ್ತಳು. ಇನ್ನು ಈ ಮನೆಯ ಒಂದು ಹನಿ ನೀರು ನನ್ನ ಗಂಟಲಲ್ಲಿ ಇಳಿಯೂದಿಲ್ಲ." ನನಗೆ ಫೋನೇ ಬರಲಿಲ್ಲ ಎಂದೂ ಸೇರಿಸಿದೆ. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ನಾನು ಎದ್ದು ಬಂದೆ.

ಫೋನ್ ಬಂದಿತ್ತು. ಮೂರು ಸಲ ಬಂದಿತ್ತು. ಕೌಂಟರಿನಲ್ಲಿ ಒಂದು ಬಸ್ಸಿನ ಜನ ಕೋಣೆಗಾಗಿ ನಿಂತಿದ್ದರು. ಅಕ್ಕ ದಿನಕ್ಕೆರಡು ಸಲ ಮಾಡುವವಳೇ, ಆಮೇಲೆ ನೋಡೋಣ ಎಂದು ಬಿಟ್ಟೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಲಾಡ್ಜನ್ನು ಗುಡಿಸುವವಳ ಕೈಗೆ ಬಿಟ್ಟು ನರಸಿಂಹರಾಜಪುರದ ಬಸ್ಸು ಹತ್ತಿದೆ. ಹಸಿವು ದೊಡ್ಡದಲ್ಲ, ಕಾಫಿ ಇಲ್ಲದ್ದಕ್ಕೆ ತಲೆ ಸಿಡಿಯುತ್ತಿತ್ತು. ಕೊಪ್ಪದಲ್ಲಿ ಇಳಿದು ಬಸ್ಸು ಬದಲಾಯಿಸುವಾಗ ಹೋಟೆಲಿನಿಂದ ಬಂದ ಪರಿಮಳಕ್ಕೆ ಅರ್ಧ ಧರ್ಮ ಅಲ್ಲೇ ಹೋಗುವುದರಲ್ಲಿತ್ತು. ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಮಾತಿಗೆ ನಾನೆಂದೂ ತಡವರಿಸಿದವಳಲ್ಲ.

ಅಕ್ಕ ಜಗಲಿಯಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆ ಒರೆಸುತ್ತಿದ್ದಳು. ಭಾವ ಸೊಸೆಯನ್ನು ಕರೆದುಕೊಂಡು ಪೇಟೆಗೆ ಹೋಗಿದ್ದರು. ನನ್ನನ್ನು ನೋಡಿದಳು. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು. ಎಂಟು ವರ್ಷದ ಹಿಂದಿನ ನನ್ನ ಮಾತು ಅವಳಿಗೂ ನೆನಪಿತ್ತು, ಆದರೂ ಇಟ್ಟಳು.

ನಾನು ಲೋಟ ನೋಡಿದೆ. ಜೋಡಿಸಿಕೊಂಡ ಮಾತೆಲ್ಲ ಬಿಟ್ಟು ಬಾಯಿಗೆ ಬಂದದ್ದು, "ಅಕ್ಕ, ಈಗ ಕುಡಿಯೋ ಹಾಗಿಲ್ಲ."

ಅವಳ ಮುಖ ಬಾಡಿತು. "ಆಣೆ ಇನ್ನೂ ತೀರ್ಲಿಲ್ವಾ ನಿಂದು? ಮತ್ತೆಂತಕ್ಕೆ ಬಂದೆ?"

"ಆಣೆ ಅಲ್ಲ. ಉಪವಾಸ."

"ಇವತ್ತು ದಶಮಿ. ದಶಮಿಗೆಂತ ಉಪವಾಸ? ಸುಳ್ಳು ಹೇಳೂದಾದ್ರೂ ಪಂಚಾಂಗ ನೋಡ್ಕಂಡು ಹೇಳು" ಎಂದು ಲೋಟ ಎತ್ತಿಕೊಂಡು ಎದ್ದಳು.

ಹಿಂದಿನ ದಿನದ ನನ್ನದೇ ಮಾತು ನನಗೇ ಬಂದು ಬಡಿದಿತ್ತು. ಅವಳ ಸೆರಗು ಹಿಡಿದುಕೊಂಡೆ. ಬೆಳಗಾವಿಯವರ ಕಥೆಯನ್ನು ಹಿಂದೆ ಮುಂದೆ ಮಾಡಿ ಹೇಗೋ ಹೇಳಿದೆ. ಆಮೇಲೆ ಉಳಿದದ್ದು ಒಂದೇ. "ಅವತ್ತು ಫೋನ್ ಬಂದಿತ್ತು ಅಕ್ಕ. ನೋಡಿದೆ, ನೋಡಿಯೂ ಎತ್ತಲಿಲ್ಲ. ತಪ್ಪು ನಂದು. ಎಲ್ಲರ ಎದುರು ನಿನ್ನ ಮೇಲೆ ಹೊರಿಸಿದೆ."

ಅಕ್ಕ ಮತ್ತೆ ಕೂತು ಒಂದು ಎಲೆ ತೆಗೆದುಕೊಂಡಳು. ಅದನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಗೊತ್ತಿತ್ತು" ಎಂದಳು. "ಮೂರನೇ ಸಲ ರಿಂಗು ಅರ್ಧಕ್ಕೆ ನಿಂತಿತು. ನೀನು ಕಟ್ ಮಾಡಿದ್ದು."

"ಮತ್ತೆ ಅವತ್ತು ಎಂತಕ್ಕೆ ಬಾಯಿ ಬಿಡಲಿಲ್ಲ? ಅಷ್ಟು ಜನ ಇದ್ರು."

"ಅಷ್ಟು ಜನ ಇದ್ರು ಅಂತಲೇ. ಹೇಳಿದ್ರೆ ನೀನು ಮತ್ತೆ ತಲೆ ಎತ್ತಿ ತಿರುಗ್ತಿದ್ಯಾ?"

ನಾನು ಅತ್ತೆ. ಅಳುವುದರಲ್ಲಿ ನನಗೆ ಅಭ್ಯಾಸ ಕಡಿಮೆ, ಶಬ್ದ ಜಾಸ್ತಿಯಾಯಿತು. ಕ್ಷಮಿಸಿದೆ ಎಂದು ಅಕ್ಕ ಹೇಳಲಿಲ್ಲ. ಹಿಟ್ಟಿನ ಪಾತ್ರೆ ಹತ್ತಿರ ಎಳೆದುಕೊಂಡು, "ಎಷ್ಟೊತ್ತಿಗೆ ಬಿಡೂದು ಈ ಉಪವಾಸ?" ಎಂದಳು.

"ನಕ್ಷತ್ರ ಮೂಡಿದ ಮೇಲೆ."

"ಈ ಮೋಡದಲ್ಲಿ ನಕ್ಷತ್ರ ಎಲ್ಲಿ ಹುಡುಕೂದು ಮಾರಾಯ್ತಿ?"

ಸಂಜೆಯವರೆಗೆ ಜೊತೆಯಲ್ಲಿ ಎಲೆಗೆ ಹಿಟ್ಟು ಸವರಿ ಸುತ್ತಿದೆವು. ಕತ್ತಲು ಕವಿಯತೊಡಗಿತು, ಆಕಾಶ ಪೂರ್ತಿ ಮುಚ್ಚಿತ್ತು. ಬೆಳಗಾವಿಯವರು ಫೋನ್ ಎತ್ತಿದರೆ ಅವರ ದಿನ ಮುಗಿಯಿತು ಎಂದರ್ಥ, ಕೇಳಿಯೇ ಬಿಡೋಣ ಎಂದೆ. ಅಕ್ಕ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತಂಬಿಗೆ ಹಿಡಿದು ಮುಂದೆ ನಡೆದಳು. ಮನೆಯ ಹಿಂದೆಯೇ ಗುಡ್ಡ, ನಾಲ್ಕು ಹೆಜ್ಜೆ ಎಂದು ನಾನು ಎಣಿಸಿದ್ದೆ. ಜಾರುವ ಕೆಮ್ಮಣ್ಣಿನ ಏರು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ಮಲಗಿದ ಅಮ್ಮನನ್ನು ಬಿಟ್ಟು ಅವಳು ಹತ್ತಿದ್ದು ಇದನ್ನೇ.

ಒಂದು ಬಂಡೆಯ ಹತ್ತಿರ ನಿಂತು, "ಇಲ್ಲೇ" ಎಂದಳು.

ಫೋನ್ ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕೆಳಗೆ ಅಮ್ಮ ಮಲಗುತ್ತಿದ್ದ ಕೋಣೆಯ ಕಿಟಕಿಯ ಬೆಳಕು ಕಾಣುತ್ತಿತ್ತು. ಆ ಬೆಳಿಗ್ಗೆ ಅಕ್ಕ ಆ ಕಿಟಕಿ ನೋಡುತ್ತಲೇ ನನ್ನ ಫೋನಿನ ರಿಂಗು ಕೇಳುತ್ತ ನಿಂತಿದ್ದಳು. "ಇನ್ನೊಂದು ಸಲ ಮಾಡು" ಎಂದಳು ಅಕ್ಕ, ಮೆಲ್ಲಗೆ.

ಎರಡನೆಯ ಸಲಕ್ಕೆ ಆ ಕಡೆಯಿಂದ ಬೆಳಗಾವಿಯ ದನಿ ಬಂತು. "ಮುಗೀತ್ರಿ. ಈಗ ನೀರು ಕುಡೀರಿ."

ಅಕ್ಕ ಟಾರ್ಚನ್ನು ಬಂಡೆಯ ಮೇಲಿಟ್ಟಳು. ನಾನು ಬೊಗಸೆ ಒಡ್ಡಿದೆ. ಅವಳು ತಂಬಿಗೆ ಬಗ್ಗಿಸಿ, ನಾನು ಸಾಕು ಎನ್ನುವವರೆಗೆ ನೀರು ಬಿಡುತ್ತಲೇ ಇದ್ದಳು. ನಾನು ಬಹಳ ಹೊತ್ತು ಸಾಕು ಎನ್ನಲಿಲ್ಲ.